ಹರಿಶ್ಚಂದ್ರನ ಕತೆಯಲ್ಲಿ ನಾವು ಬಿಟ್ಟುಬಿಡುವ ಪ್ರಶ್ನೆ

(ದೇವನಕೊಂಡದಲ್ಲಿ ಉಪಾಧ್ಯಾಯರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಕತೆಗಳ ಮೂಲಕ ಮಕ್ಕಳಿಗೆ ನೀತಿಯನ್ನು ಬೋಧಿಸುವ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವು ಬಲು ವಿಶಾಲವಾದುದು. ಪಂಚತಂತ್ರದಿಂದ ತೊಡಗಿ ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿನ ಚಿತ್ರಗಳವರೆಗೆ ಹೇಳುತ್ತ ಹೋದರೆ ಹೊತ್ತು ಸಾಲದು. ಆದುದರಿಂದ ನಾವು ಒಂದೇ ಕತೆಯನ್ನು ಹಿಡಿದು ಮಾತನಾಡಬಯಸುತ್ತೇವೆ. ಅದು ತಮಗೆಲ್ಲರಿಗೂ ಗೊತ್ತಿರುವ ಸತ್ಯಹರಿಶ್ಚಂದ್ರನ ಕತೆ.

ಈ ಕತೆಯು ನಮ್ಮ ಸೀಮೆಗೆ ಎರಡು ದಾರಿಗಳಿಂದ ಬಂದಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದುವು. ಗಡಿಯ ಗೆರೆ ಬದಲಾಯಿತೇ ಹೊರತು ಜನರ ಕಿವಿ ಬದಲಾಗಲಿಲ್ಲ. ಇಲ್ಲಿಯ ಮಗು ಶಾಲೆಯಲ್ಲಿ ಕನ್ನಡವನ್ನು ಓದುತ್ತದೆ, ಜಾತ್ರೆಯಲ್ಲಿ ತೆಲುಗು ಪದ್ಯನಾಟಕವನ್ನು ಕೇಳುತ್ತದೆ. ಕನ್ನಡದಲ್ಲಿ ಈ ಕತೆಯನ್ನು ಹೇಳಿದವನು ಸುಮಾರು 1200ರ ಕಾಲದ ಹಂಪೆಯ ರಾಘವಾಂಕ. ತೆಲುಗಿನಲ್ಲಿ ದ್ವಿಪದಿಯಲ್ಲಿ ಹಾಡಿದವನು ಗೌರನ. ಎರಡು ಭಾಷೆಗಳೂ ಹರಿಶ್ಚಂದ್ರನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತವೆ.

ಈ ಕತೆಯ ಶಕ್ತಿಯನ್ನು ಕಡಿಮೆಯೆಂದು ಯಾರೂ ಎಣಿಸಬಾರದು. ಗಾಂಧೀಜಿಯವರು ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ, ಎಲ್ಲರೂ ಅವನಂತೆ ಸತ್ಯವಂತರೇಕಾಗಬಾರದು ಎಂದು ಹಗಲಿರುಳು ಚಿಂತಿಸಿದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. 1913ರಲ್ಲಿ ಫಾಲ್ಕೆಯವರು ತಮ್ಮ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡುದೂ ಇದೇ ರಾಜನನ್ನು. ಕೊಟ್ಟ ಮಾತಿಗಾಗಿ ರಾಜ್ಯವನ್ನೂ, ಹೆಂಡತಿ ಮಕ್ಕಳನ್ನೂ, ತನ್ನನ್ನೂ ಮಾರಿಕೊಂಡವನ ಕತೆಗೆ ಕರಗದ ಮನಸ್ಸು ಯಾವುದು?

ಆದರೆ ನಾವು ಮಕ್ಕಳಿಗೆ ಹೇಳುವ ಸಂಗ್ರಹದಲ್ಲಿ ಒಂದು ಪ್ರಸಂಗವು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಇಲ್ಲವೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅದನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ನೆನೆಯೋಣ.

ವಿಶ್ವಾಮಿತ್ರನು ಹರಿಶ್ಚಂದ್ರನನ್ನು ಕೆಡಿಸುವ ಹಟದಿಂದ ಇಬ್ಬರು ಯುವತಿಯರನ್ನು ಸೃಷ್ಟಿಸಿ ಕಳುಹಿಸುತ್ತಾನೆ. ಕವಿಯು ಅವರನ್ನು ಅನಾಮಿಕರೆಂದು ಕರೆಯುತ್ತಾನೆ. ಎಂದರೆ, ಹೆಸರಿಟ್ಟು ಕರೆಯಬಾರದ ಕುಲದವರು. ಅವರು ಹಾಡುತ್ತಾರೆ, ಕುಣಿಯುತ್ತಾರೆ. ರಾಜನು ಮೆಚ್ಚಿ ಒಡವೆಗಳನ್ನು ಕೊಡಹೋಗುತ್ತಾನೆ. ಅವರು ಅದನ್ನೊಲ್ಲದೆ, ಬಿಸಿಲಿಗೆ ನೆರಳಾಗುವ ಬೆಳ್ಗೊಡೆಯನ್ನು ಬೇಡುತ್ತಾರೆ. ಅದು ರಾಜಚಿಹ್ನೆ, ಕೊಡಲಾಗದು ಎಂದಾಗ, ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ರಾಜನು ಕೆರಳಿ ಕುಲದ ಮಾತೆತ್ತುತ್ತಾನೆ. ಆಗ ಆ ಹೆಣ್ಣುಮಕ್ಕಳು ಆಡುವ ಮಾತುಗಳು ನಮ್ಮ ಹಳೆಯ ಕಾವ್ಯದಲ್ಲಿಯೇ ಅಪರೂಪವಾದುವು. ನಮ್ಮ ಹಾಡನ್ನು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ರೂಪವನ್ನು ಕಂಡ ಕಣ್ಣಿಗೆ ಮೈಲಿಗೆಯಿಲ್ಲ, ನಮ್ಮ ಮೈಸೋಕಿ ಬಂದ ಗಾಳಿಯನ್ನುಂಡ ಮೂಗಿಗೂ ಇಲ್ಲ. ಐದು ಇಂದ್ರಿಯಗಳಲ್ಲಿ ಮುಟ್ಟುವುದೊಂದು ಮಾತ್ರ ಹೇಗೆ ಕೀಳಾಯಿತು ಎಂದು ಕೇಳುತ್ತಾರೆ. ಹಾಲು ಬರುವುದು ಕೆಚ್ಚಲ ಮಾಂಸದಿಂದ, ಜೇನು ಬರುವುದು ನೊಣದಿಂದ, ಕಸ್ತೂರಿ ಬರುವುದು ಮೃಗದ ನಾಭಿಯಿಂದ. ಇವೆಲ್ಲ ದೇವರಿಗೇ ಸಲ್ಲುವುದಿಲ್ಲವೆ ಎನ್ನುತ್ತಾರೆ.

ರಾಜನು ಈ ಪ್ರಶ್ನೆಗೆ ಒಪ್ಪುವಂತಹ ಉತ್ತರವನ್ನು ಕೊಡಲಾರ. ಅವನಲ್ಲಿರುವುದು ವಂಶದ ಹಿರಿಮೆ ಮತ್ತು ಕೋಪ. ಆ ಯುವತಿಯರನ್ನು ಹೊಡೆದು ಅಟ್ಟಲಾಗುತ್ತದೆ. ಅನಂತರ ವಿಶ್ವಾಮಿತ್ರನು ಬಂದು, ನನ್ನ ಮಕ್ಕಳನ್ನು ಮದುವೆಯಾಗು, ಇಲ್ಲವೆ ರಾಜ್ಯವನ್ನು ಬಿಡು ಎಂಬ ಕಟ್ಟನ್ನು ಹಾಕಿದಾಗ ಹರಿಶ್ಚಂದ್ರನು ರಾಜ್ಯವನ್ನೇ ಬಿಡುತ್ತಾನೆ.

ಮಹನೀಯರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಂಡುದು ಸತ್ಯಕ್ಕಾಗಿ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮುಂದಿನ ಕಷ್ಟಗಳೆಲ್ಲ ಸತ್ಯಕ್ಕಾಗಿಯೇ ಬಂದುವು, ನಿಜ. ಆದರೆ ರಾಘವಾಂಕನ ಕಾವ್ಯವನ್ನು ತೆರೆದು ನೋಡಿದರೆ, ಈ ಸಿಂಹಾಸನದಿಂದ ಇಳಿದುದು ಆ ಇಬ್ಬರ ಕೈಹಿಡಿಯಲಾರದೆ. ಮಾರ್ಕಂಡೇಯ ಪುರಾಣದಲ್ಲಿ ಈ ಯುವತಿಯರೇ ಇಲ್ಲ. ಪುರಾಣದಲ್ಲಿಲ್ಲದ ಪ್ರಸಂಗವನ್ನು ತನ್ನ ಕಾವ್ಯದಲ್ಲಿ ಇಷ್ಟು ಹರವಾಗಿ ಬೆಳೆಸಿದ ಕವಿಗೆ ಆ ಮಾತುಗಳ ತೂಕ ತಿಳಿಯದಿದ್ದೀತೆ?

ಹಾಗೆಂದು ಕವಿಯು ಅವರ ಪಕ್ಷವನ್ನೇ ಹಿಡಿದನೆಂದು ನಾವು ಹೇಳುವುದಿಲ್ಲ. ಕತೆಯ ನಡೆಯಲ್ಲಿ ಅವರು ಮುನಿಯ ಕಪಟದ ಆಟದ ಕಾಯಿಗಳು. ರಾಜನ ನಿರಾಕರಣೆಯು ಅವನ ದೃಢತೆಯೆಂದೇ ಎಣಿಕೆಯಾಗುತ್ತದೆ. ಕಾಲದ ಕಟ್ಟಳೆಯನ್ನು ಮೀರಲು ರಾಘವಾಂಕನಿಗೂ ಆಗಲಿಲ್ಲ. ಆದರೂ ಅವನ ಲೇಖನಿಗೆ ಪ್ರಾಮಾಣಿಕತೆಯಿತ್ತು. ತನ್ನ ನಾಯಕನು ಉತ್ತರಿಸಲಾರದ ಮಾತನ್ನು ಎದುರಾಳಿಯ ಬಾಯಲ್ಲಿ ಇಡಲು ಅವನು ಹಿಂಜರಿಯಲಿಲ್ಲ. ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ನಾಟಕದಲ್ಲಿ ಎಲ್ಲರೂ ಹಳಿಯುವ ಯಹೂದಿ ಶೈಲಾಕನು, ತನಗೂ ಇತರರಂತೆ ಕಣ್ಣುಗಳಿಲ್ಲವೆ ಎಂದು ಕೇಳುವ ಘಟ್ಟವನ್ನು ಓದಿದವರಿಗೆ ಇದು ಅರ್ಥವಾದೀತು. ಆ ನಾಟಕಕ್ಕಿಂತ ನಾಲ್ಕು ಶತಮಾನ ಹಿಂದೆ ಹಂಪೆಯ ಕವಿಯು ಈ ಕೆಲಸವನ್ನು ಮಾಡಿದ್ದ.

ಕತೆಯ ಕೊನೆಯ ಭಾಗವನ್ನೂ ನೋಡೋಣ. ಯಾರನ್ನು ಮುಟ್ಟಲೊಲ್ಲದೆ ರಾಜ್ಯವನ್ನು ಬಿಟ್ಟನೋ, ಅಂತಹ ಕುಲದ ವೀರಬಾಹುವಿಗೇ ಹರಿಶ್ಚಂದ್ರನು ಕಾಶಿಯಲ್ಲಿ ಮಾರಾಟವಾಗಿ, ಅವನ ಅನ್ನವನ್ನುಂಡು ಸುಡುಗಾಡನ್ನು ಕಾಯುತ್ತಾನೆ. ಸಾಲ ತೀರಿ ಸತ್ಯ ಉಳಿದುದು ಆ ಒಡೆಯನ ಹಣದಿಂದ. ಹೀಗಿದ್ದರೂ ಮಾರ್ಕಂಡೇಯ ಪುರಾಣವು ಕಡೆಗೆ, ಆ ಚಂಡಾಲನು ಚಂಡಾಲನಲ್ಲ, ವೇಷ ಮರೆಸಿಕೊಂಡ ಧರ್ಮದೇವತೆ ಎಂದು ಸಮಾಧಾನ ಹೇಳುತ್ತದೆ. ರಾಜನು ಸೇವೆ ಮಾಡಿದುದು ನಿಜವಾದ ಚಂಡಾಲನಿಗೇ ಆಗಿದ್ದರೆ ಏನು ಕುಂದಾಗುತ್ತಿತ್ತು ಎಂದು ನಮ್ಮ ಮಕ್ಕಳು ಕೇಳಿದರೆ ನಾವು ಗದರಿಸಬಾರದು.

ರಂಗಭೂಮಿಯೂ ಚಲನಚಿತ್ರವೂ ಈ ಪ್ರಶ್ನೆಯನ್ನು ಏನು ಮಾಡಿದುವು? ಅನೇಕ ಕಡೆ ಆ ಯುವತಿಯರ ಪ್ರಸಂಗವು ಬರಿಯ ಕುಣಿತವಾಗಿ ಉಳಿಯಿತು, ವೀರಬಾಹು ಹೆಂಡ ಕುಡಿದು ನಗಿಸುವ ಪಾತ್ರವಾದ. ಆದರೆ ಜನಪ್ರಿಯ ಕಲೆಯನ್ನು ಸುಮ್ಮನೆ ಹಳಿಯುವುದು ನಮ್ಮ ಉದ್ದೇಶವಲ್ಲ. ತೆಲುಗು ರಂಗಭೂಮಿಯಲ್ಲಿ ಹರಿಶ್ಚಂದ್ರನ ಸ್ಮಶಾನದ ದೃಶ್ಯದಲ್ಲಿ ನಟರು ಎತ್ತಿ ಹಾಡುವ ಪದ್ಯಗಳು ಗುರ್ರಂ ಜಾಷುವಾ ಕವಿಯವು. ಅಸ್ಪೃಶ್ಯತೆಯ ನೋವನ್ನು ಸ್ವತಃ ಉಂಡ ಆ ಮಹಾಕವಿಯು ಸಾವಿನ ಮುಂದೆ ಎಲ್ಲರೂ ಒಂದೇ ಎಂಬ ಮಾತನ್ನು ಸುಡುಗಾಡಿನ ನೆಲದಲ್ಲಿ ನಿಂತು ಹೇಳಿದರು. ಸೂರ್ಯವಂಶದ ರಾಜನ ಬಾಯಲ್ಲಿ ಆ ಮಾತುಗಳನ್ನು ಕೇಳಿ ನಡುರಾತ್ರಿಯಲ್ಲಿ ಜನರು ಮತ್ತೊಮ್ಮೆ ಹಾಡಿರೆಂದು ಕೂಗುತ್ತಾರೆ. 1965ರ ಕನ್ನಡ ಸತ್ಯಹರಿಶ್ಚಂದ್ರ ಚಿತ್ರದಲ್ಲಿ ರಾಜಕುಮಾರರ ಹರಿಶ್ಚಂದ್ರನನ್ನು ನೆನೆಯುವಷ್ಟೇ ಜನರು ವೀರಬಾಹುವಿನ ಹಾಡನ್ನೂ ನೆನೆಯುತ್ತಾರೆ. ಜಾತಿಯ ಮೇಲುಕೀಳನ್ನು ಪ್ರಶ್ನಿಸುವ ಆ ಕನ್ನಡ ಹಾಡನ್ನು ಹಾಡಿದವರು ತೆಲುಗಿನ ಘಂಟಸಾಲರು. ಗಡಿನಾಡಿನವರಾದ ನಮಗೆ ಇದು ಹೆಮ್ಮೆಯ ಸಂಗತಿ.

ಹಳೆಯ ಕತೆಯನ್ನೇ ತಿರುಗಿಸಿ ಬರೆಯುವ ದಾರಿಯೂ ಉಂಟು. ಕುವೆಂಪುರವರು 1944ರ ಶೂದ್ರ ತಪಸ್ವಿಯಲ್ಲಿ ರಾಮನ ಅಸ್ತ್ರವು ಶಂಬೂಕನನ್ನು ಬಿಟ್ಟು, ಅವನನ್ನು ಹಳಿದ ಬ್ರಾಹ್ಮಣನನ್ನೇ ಅಟ್ಟಿಕೊಂಡು ಹೋಗುವಂತೆ ಮಾಡಿದರು. ಪುರಾಣವನ್ನು ಹೀಗೆ ಬದಲಾಯಿಸುವುದಕ್ಕೆ ಮಾಸ್ತಿಯವರ ಆಕ್ಷೇಪವಿತ್ತು. ದೊಡ್ಡವರ ಆ ವಾದದಲ್ಲಿ ತೀರ್ಪು ಹೇಳುವ ಯೋಗ್ಯತೆ ನಮಗಿಲ್ಲ. ಹರಿಶ್ಚಂದ್ರನ ಮಟ್ಟಿಗೆ ತಿರುಗಿಸಿ ಬರೆಯುವ ಅಗತ್ಯವೇ ಇಲ್ಲ. ಕವಿಯು ಬರೆದಿಟ್ಟುದನ್ನು ಬಿಡದೆ ಓದಿದರೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1950ರ ಜನವರಿ 26ರಿಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಆದರೆ ನಮ್ಮ ತರಗತಿಯ ಬೆಂಚಿನ ಮೇಲೆ, ಊರ ಬಾವಿಯಲ್ಲಿ ನೀರು ಸೇದಲು ಬಿಡದಿದ್ದ ಹಿರಿಯರ ಮೊಮ್ಮಕ್ಕಳು ಕುಳಿತಿದ್ದಾರೆ. ಬಿಡದಿದ್ದವರ ಮೊಮ್ಮಕ್ಕಳೂ ಅದೇ ಬೆಂಚಿನ ಮೇಲೆ ಇದ್ದಾರೆ. ಗುರುಗಳು ಹರಿಶ್ಚಂದ್ರನನ್ನು ಹೊಗಳುತ್ತ, ರಾಜನು ನೀಚರ ಸೇವೆಗಿಳಿಯಬೇಕಾಯಿತಲ್ಲಾ ಎಂದು ಮರುಗಿದಾಗ, ಮೊದಲನೆಯ ಮಗುವಿನ ಎದೆಗೆ ಯಾವ ನೀತಿ ಇಳಿಯುತ್ತದೆ? ಎರಡನೆಯ ಮಗು ಏನನ್ನು ಕಲಿಯುತ್ತದೆ? ಸತ್ಯವನ್ನೇ ನುಡಿಯಬೇಕೆಂಬ ಪಾಠದ ಹಿಂದೆಯೇ ಇನ್ನೊಂದು ಪಾಠವು ಸದ್ದಿಲ್ಲದೆ ಒಳಹೊಕ್ಕಿರುತ್ತದೆ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ದೊಡ್ಡ ತರಗತಿಯ ಮಕ್ಕಳಿಗೆ ಈ ಕತೆಯನ್ನು ಹೇಳುವಾಗ ಆ ಯುವತಿಯರ ವಾದವನ್ನು ಪೂರ್ತಿಯಾಗಿ ಓದಿ ತೋರಿಸಿರಿ. ರಾಜನ ಪರವಾಗಿ ಉತ್ತರ ಹೇಳಬಲ್ಲವರು ಯಾರಿದ್ದೀರಿ ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿರಿ. ವಾರ್ಷಿಕೋತ್ಸವಕ್ಕೆ ನಾಟಕವಾಡಿಸುವವರಿಗೂ ಒಂದು ಮಾತು. ಬೆಳ್ಳಗಿನ ಹುಡುಗನಿಗೆ ರಾಜನ ಕಿರೀಟ, ಕಪ್ಪಗಿನ ಹುಡುಗನಿಗೆ ವೀರಬಾಹುವಿನ ಕೋಲು ಎಂದು ಪಾತ್ರ ಹಂಚುವ ರೂಢಿಯು ಎಷ್ಟೋ ಕಡೆ ಉಂಟು. ಮುಂದಿನ ಸಲ ಹರಿಶ್ಚಂದ್ರ ನಾಟಕವನ್ನು ಎತ್ತಿಕೊಂಡಾಗ ಕಂಠವನ್ನೂ ನೆನಪನ್ನೂ ಪರೀಕ್ಷಿಸಿ, ಅಷ್ಟರಿಂದಲೇ ಪಾತ್ರಗಳನ್ನು ಹಂಚಿರಿ. ವೀರಬಾಹುವಿನ ಮಾತುಗಳನ್ನು ನಗಿಸುವುದಕ್ಕೆಂದು ತಿದ್ದದೆ ಇರಿ. ಆ ಇಬ್ಬರು ಯುವತಿಯರ ಪಾತ್ರಕ್ಕೆ ಕುಣಿಯಬಲ್ಲವರಿಗಿಂತ ಮೊದಲು ಸ್ಪಷ್ಟವಾಗಿ ಮಾತನಾಡಬಲ್ಲ ಹುಡುಗಿಯರನ್ನು ಹುಡುಕಿರಿ.