ಶಿಕ್ಷಕ ಪದವೀಧರರ ಸತ್ಕಾರ: ಊರಿನ ಋಣ, ಊರಿನ ಹೊಣೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಕ ಪದವೀಧರರ ಸತ್ಕಾರ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಈ ಹಬ್ಬವನ್ನು ಹೇಗೆ ಆಚರಿಸಬೇಕೆಂದು ಆಡಳಿತ ಮಂಡಳಿ ಕೂಡಿದಾಗ ಹಲವು ಸೂಚನೆಗಳು ಬಂದವು. ಕೊನೆಗೆ, ಡಿ.ಎಡ್., ಬಿ.ಎಡ್. ಮುಗಿಸಿದ ಊರಿನ ಮಕ್ಕಳನ್ನು ಕರೆದು ಸತ್ಕರಿಸಬೇಕೆಂದು ಠರಾವು ಪಾಸಾಯಿತು. ಆಗ ಒಂದಿಬ್ಬರು ಕೇಳಿದರು: "ಪತ್ತಿನ ಸಂಘಕ್ಕೂ ಮಾಸ್ತರಿಕೆಗೂ ಏನ್ ಸಂಬಂಧರಿ?" ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹೇಳುವುದೇ ನಮ್ಮ ಇಂದಿನ ಮಾತಿನ ಉದ್ದೇಶ.

ನಮ್ಮ ನಾಡಿನಲ್ಲಿ ಸಹಕಾರ ಚಳವಳಿ ಶುರುವಾದದ್ದು 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದಾಗ ಅವರ ಮುಂದಿದ್ದ ಬಂಡವಾಳ ಜನರ ನಂಬಿಕೆ. ಆದರೆ ನಂಬಿಕೆ ಉಳಿಯಬೇಕಾದರೆ ಲೆಕ್ಕ ಬರೆಯಬೇಕು, ಬರೆದ ಲೆಕ್ಕವನ್ನು ಸದಸ್ಯ ಓದಬೇಕು. ಹೆಬ್ಬೆಟ್ಟು ಒತ್ತುವ ಸದಸ್ಯ ಬರೆದುಕೊಟ್ಟದ್ದನ್ನು ನಂಬುತ್ತಾನೆ. ಸಹಿ ಮಾಡುವ ಸದಸ್ಯ ಓದಿ ನೋಡಿ ನಂಬುತ್ತಾನೆ. ಎರಡನೆಯ ನಂಬಿಕೆ ಗಟ್ಟಿಯಾದದ್ದು. ನಮ್ಮ ಹುಕ್ಕೇರಿ ತಾಲೂಕು ಸಹಕಾರಕ್ಕೆ ಹೆಸರಾದ ತಾಲೂಕು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿ, ಮನೆಗೂ ಹೊಲಕ್ಕೂ ಕರೆಂಟನ್ನೇ ಸಹಕಾರದ ಮೂಲಕ ಹಂಚಿತು. ಇವೆಲ್ಲ ನಡೆಯಬೇಕಾದರೆ ರೈತ ಪಾವತಿ ಓದಬೇಕು, ತೂಕದ ಚೀಟಿ ನೋಡಬೇಕು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬೇಕು. ಅಂಥ ರೈತನನ್ನು ತಯಾರು ಮಾಡಿದವರು ಯಾರು? ಕನ್ನಡ ಸಾಲಿಯ ಮಾಸ್ತರರು. ಸಂಘದ ಕಟ್ಟಡಕ್ಕೆ ಕಲ್ಲು ನಾವು ಹೊತ್ತಿರಬಹುದು, ಬುನಾದಿ ತೋಡಿದವರು ಅವರು.

ಆದರೆ ಮಾಸ್ತರರೂ ತಮ್ಮಷ್ಟಕ್ಕೆ ತಾವೇ ತಯಾರಾದವರಲ್ಲ. ನೂರೈವತ್ತು ವರ್ಷಗಳ ಹಿಂದೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮಾತಾಡುವ ಊರುಗಳಲ್ಲಿಯೂ ಸಾಲಿ ಮರಾಠಿಯಲ್ಲಿ ನಡೆಯುತ್ತಿತ್ತು. ಆ ಕಾಲದಲ್ಲಿ ಧಾರವಾಡದ ನಾರ್ಮಲ್ ಸ್ಕೂಲು, ಅಂದರೆ ಶಿಕ್ಷಕರಿಗೆ ತರಬೇತಿ ಕೊಡುವ ಶಾಲೆ, ಕನ್ನಡ ಮಾಸ್ತರರನ್ನು ತಯಾರು ಮಾಡಿ ಹಳ್ಳಿಗಳಿಗೆ ಕಳಿಸತೊಡಗಿತು. ಅದರ ಮುಖ್ಯಸ್ಥರಾಗಿದ್ದ ಚೆನ್ನಬಸಪ್ಪನವರು ಮುಂದೆ ಬೆಳಗಾವಿ ಭಾಗದ ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಜನ ಅವರನ್ನು ಡೆಪ್ಯುಟಿ ಚೆನ್ನಬಸಪ್ಪ ಎಂದೇ ಕರೆದರು. ಅವರು ಕನ್ನಡ ಶಾಲೆ ತೆರೆಸಿದರು. ಪಾಠಕ್ಕೆ ಪುಸ್ತಕ ಬೇಕೆಂದು ತಾವೂ ಬರೆದರು, ಬೇರೆಯವರಿಂದಲೂ ಬರೆಯಿಸಿದರು. 1881ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಹೋದರು. ಇಂದು ನಾವು ಈ ಭಾಷಣವನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ, ನೀವು ಕೇಳುತ್ತಿದ್ದೀರಿ ಎಂದರೆ ಅದರ ಹಿಂದೆ ಆ ತರಬೇತಿ ಶಾಲೆಯಿಂದ ಹೊರಬಿದ್ದ, ಹೆಸರೂ ಉಳಿಯದ ನೂರಾರು ಮಾಸ್ತರರ ದುಡಿಮೆಯಿದೆ.

ನಮ್ಮೂರ ಮುಂದಿನ ಹೆದ್ದಾರಿ ನಿಪ್ಪಾಣಿ, ಕೊಲ್ಲಾಪುರದ ಮೇಲೆ ಹಾದು ಪುಣೆಗೆ ಹೋಗುತ್ತದೆ. ಆ ಪುಣೆಯಲ್ಲಿ 1848ರಲ್ಲಿ ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಹಾದಿಯಲ್ಲಿ ಜನ ಸಗಣಿ ಎರಚಿದ ಕತೆ ಎಲ್ಲರಿಗೂ ಗೊತ್ತು. ಆದರೆ ಸಾವಿತ್ರಿಬಾಯಿಯವರು ಶಿಕ್ಷಕಿಯರ ತರಬೇತಿ ಪಡೆದವರೆಂಬುದನ್ನು ಬಹಳ ಜನ ಮರೆಯುತ್ತಾರೆ. ಧೈರ್ಯದ ಜೊತೆಗೆ ಕಲಿಸುವ ವಿದ್ಯೆಯೂ ಅವರಲ್ಲಿತ್ತು. ಅದೇ ಹಾದಿಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. ಇಡೀ ದೇಶಕ್ಕೆ ಅಂಥ ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ನಡುವೆ ಎಷ್ಟು ತಲೆಮಾರು ಕಳೆದವೆಂದು ನೀವೇ ಲೆಕ್ಕ ಹಾಕಿರಿ.

ಇನ್ನು ನಮ್ಮ ಬೆಳಗಾವಿಯ ಮಾತು. 1916ರಲ್ಲಿ ಏಳು ಜನ ತರುಣರು ಸೇರಿ ಒಂದು ಶಾಲೆ ಶುರು ಮಾಡಿದರು. ಅವರನ್ನು ಸಪ್ತರ್ಷಿಗಳೆಂದು ಕರೆಯುತ್ತೇವೆ. ಆ ಒಂದು ಶಾಲೆಯಿಂದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆ.ಎಲ್.ಇ., ಬೆಳೆಯಿತು. ಹಲಸಂಗಿ ಗೆಳೆಯರ ಬಳಗದ ಶಿಂಪಿ ಲಿಂಗಣ್ಣನವರು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಮಾಸ್ತರರು. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದ ಹಾಡುಗಳನ್ನು ಆ ಗೆಳೆಯರು ಕೂಡಿಹಾಕದಿದ್ದರೆ ಎಷ್ಟೋ ಹಾಡು ಆ ಬಾಯಿಗಳ ಜೊತೆಗೇ ಹೋಗಿಬಿಡುತ್ತಿದ್ದವು. ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ನಮ್ಮ ನೆರೆಯ ಗೋಕಾಕದಲ್ಲಿ ಶಿಕ್ಷಕರಾಗಿದ್ದುಕೊಂಡೇ ಮನೆಮನೆಯಲ್ಲೂ ಓದುವ ಪುಸ್ತಕ ಬರೆದರು. ಮಾಸ್ತರನೆಂದರೆ ಹತ್ತರಿಂದ ಐದರ ನೌಕರನಲ್ಲ, ಊರಿನ ತಿಳಿವಳಿಕೆಯನ್ನು ಕಾಯುವ ಮನುಷ್ಯ ಎಂಬುದಕ್ಕೆ ಇವು ಸಾಕ್ಷಿ.

ಕೆಲವರು ಅನ್ನುತ್ತಾರೆ, "ಒಂದನೇ ಇಯತ್ತೆಗೆ ಕಲಿಸಾಕ ಟ್ರೇನಿಂಗ್ ಯಾಕ ಬೇಕು? ಅ ಆ ಇ ಈ ಯಾರಿಗೆ ಬರೂದಿಲ್ಲ?" ನಾವು ಅವರಿಗೆ ಹೇಳುವುದಿಷ್ಟು. ನಮ್ಮದು ಗಡಿಯ ಊರು. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ಮರಾಠಿ ಆಡುವ ಮಗು, ಉರ್ದು ಆಡುವ ಮಗು ಸಾಲಾಗಿ ಕೂಡುತ್ತವೆ. 1985ರಲ್ಲಿ ಇಲ್ಲಿ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ ಬಂದ ಮೇಲೆ ಬೇರೆ ಊರಿನ ಮಂದಿಯೂ ಬಂದು ನೆಲೆಸಿದರು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಂದು ನಾಲ್ಕು ತಿಂಗಳಿಗೆ ಹೊರಡುವ ಮಗುವೂ ಉಂಟು. ಯಾವ ಮಗು ಎಲ್ಲಿ ತಡವರಿಸುತ್ತದೆ, ಅದು ಸುಮ್ಮನಿರುವುದು ದಡ್ಡತನದಿಂದಲೋ, ಭಾಷೆ ತಿಳಿಯದ್ದರಿಂದಲೋ, ಹಸಿವಿನಿಂದಲೋ ಎಂದು ಗುರುತಿಸುವುದು ಸುಮ್ಮನೆ ಬರುವ ವಿದ್ಯೆಯಲ್ಲ. ಪಾಠ ಟಿಪ್ಪಣಿ ಬರೆದು, ಹಿರಿಯ ಶಿಕ್ಷಕರ ಎದುರಿಗೆ ಅಭ್ಯಾಸ ಪಾಠ ಮಾಡಿ, ತಪ್ಪು ತಿದ್ದಿಸಿಕೊಂಡು ಗಳಿಸಿದ ವಿದ್ಯೆ ಅದು. ಗಾಡಿ ಹೊಡೆಯುವವನಿಗೆ ಲೈಸೆನ್ಸ್ ಕೇಳುವ ನಾವು ಮಕ್ಕಳ ತಲೆ ತಿದ್ದುವವರಿಗೆ ತರಬೇತಿ ಕೇಳಬಾರದೆ?

ತರಬೇತಿ ಪಡೆದ ಶಿಕ್ಷಕರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ನಲಿ-ಕಲಿಯೇ ಸಾಕ್ಷಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ನೋಡಿ ಬಂದು, 1995ರ ಸುಮಾರಿಗೆ ಕಾರ್ಡು, ಹಾಡು, ಆಟಗಳ ಮೂಲಕ ಕಲಿಸುವ ಪದ್ಧತಿ ಶುರು ಮಾಡಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಪದ್ಧತಿ ಅದು. ಮುಂದೆ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂತು. ಹಳ್ಳಿಯ ಮಾಸ್ತರರು ಹುಟ್ಟಿಸಿದ್ದನ್ನು ಬೆಂಗಳೂರು ಒಪ್ಪಿಕೊಂಡಿತು.

ಬಂಧುಗಳೆ, ಇಷ್ಟು ಹೊಗಳಿದ ಮೇಲೆ ಕಹಿ ಮಾತೂ ಆಡಬೇಕು. ಇಂದು ಸತ್ಕಾರಕ್ಕೆ ಕುಳಿತವರಲ್ಲಿ ಎಲ್ಲರಿಗೂ ನೌಕರಿ ಇಲ್ಲ. ಹಿಂದೆ ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು. ಆಮೇಲೆ ಟಿ.ಸಿ.ಎಚ್. ಬಂತು, ಅದು ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಆಗಿದೆ. ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಅದರ ಮೇಲೆ ಟಿ.ಇ.ಟಿ. ಪಾಸಾಗಬೇಕು, ಅದರ ಮೇಲೆ ನೇಮಕಾತಿ ಪರೀಕ್ಷೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಾಲದು, ಪ್ರಾಥಮಿಕ ಶಿಕ್ಷಣದ ತರಬೇತಿಯೇ ಬೇಕು ಎಂದಿತು. ಕೋರ್ಟಿನ ಮಾತಿನಲ್ಲಿ ಅರ್ಥವಿದೆ. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ. ಆದರೆ ಹೊಲ ಒತ್ತೆಯಿಟ್ಟು ಮಗಳಿಗೆ ಬಿ.ಎಡ್. ಮಾಡಿಸಿದ ತಂದೆಗೆ ನಾವೇನು ಹೇಳೋಣ?

ಇನ್ನೊಂದು ಸಂಗತಿ ಕೇಳಿರಿ. 2022ರಲ್ಲಿ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಸಿತು. ಅರ್ಹತೆ ಗಳಿಸಿದವರು ಸಾಲದೆ ಅಷ್ಟೂ ಹುದ್ದೆ ತುಂಬಲಿಲ್ಲ. ಒಂದು ಕಡೆ ನೌಕರಿ ಇಲ್ಲದ ಪದವೀಧರರು, ಇನ್ನೊಂದು ಕಡೆ ಖಾಲಿ ಕುರ್ಚಿ. ನಡುವೆ ಇರುವ ಹಳ್ಳವನ್ನು ದಾಟಿಸಲು ಬೇಕಾದದ್ದು ತಯಾರಿ: ಒಳ್ಳೆಯ ಪುಸ್ತಕ, ಕೂತು ಓದಲು ಜಾಗ, ಕೇಳಿದ್ದಕ್ಕೆ ಉತ್ತರ ಹೇಳುವ ಹಿರಿಯರು. ಧಾರವಾಡಕ್ಕೆ ಹೋಗಿ ಕೋಣೆ ಹಿಡಿದು, ಕೋಚಿಂಗ್ ಕ್ಲಾಸಿಗೆ ಫೀ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ. ಹೆಣ್ಣುಮಗಳಾದರೆ ಮನೆಯವರು ಕಳಿಸುವುದೂ ಕಷ್ಟ.

ಸಹಕಾರಿ ಕಾಯ್ದೆಯ ಪ್ರಕಾರ ನಾವು ವರ್ಷದ ನಿವ್ವಳ ಲಾಭದಲ್ಲಿ ಒಂದು ಪಾಲನ್ನು ಕಾಯ್ದಿಟ್ಟ ನಿಧಿಗೆ ಹಾಕುತ್ತೇವೆ. ಅದನ್ನು ಹಂಚಿಕೊಂಡು ಉಣ್ಣುವುದಿಲ್ಲ, ಕಷ್ಟಕಾಲಕ್ಕೆಂದು ಇಡುತ್ತೇವೆ. ಈ ತರಬೇತಾದ ಮಕ್ಕಳು ಊರಿನ ಕಾಯ್ದಿಟ್ಟ ನಿಧಿ. ಆದರೆ ಒಂದು ಭೇದವಿದೆ. ಹಣದ ನಿಧಿ ಮುಟ್ಟದೆ ಇಟ್ಟಷ್ಟೂ ಬೆಳೆಯುತ್ತದೆ. ವಿದ್ಯೆಯ ನಿಧಿ ಬಳಸದೆ ಇಟ್ಟರೆ ತುಕ್ಕು ಹಿಡಿಯುತ್ತದೆ. ನಾಲ್ಕು ವರ್ಷ ಮನೆಯಲ್ಲಿ ಕೂತ ಶಿಕ್ಷಕಿ ಕಲಿಸುವ ಉಮೇದನ್ನೇ ಕಳಕೊಳ್ಳುತ್ತಾಳೆ.

ಆದ್ದರಿಂದ ಶಾಲು, ಹಾರ, ಸನ್ಮಾನ ಪತ್ರಕ್ಕೆ ಈ ಸತ್ಕಾರ ಮುಗಿಯಬಾರದು. ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಮೂರು ಸೂಚನೆಗಳನ್ನು ಇಡಬೇಕೆಂದು ನಾವು ಬಯಸಿದ್ದೇವೆ. ಒಂದು, ಸಂಘದ ಕಟ್ಟಡದಲ್ಲಿ ಒಂದು ಕೋಣೆಯನ್ನು ಸಂಜೆ ಓದುವ ಕೋಣೆಯಾಗಿ ಬಿಟ್ಟುಕೊಡುವುದು. ಗಣಿತ, ವಿಜ್ಞಾನದ ಪುಸ್ತಕ ಮೊದಲು ತರಿಸುವುದು. ಎರಡು, ಊರಿನ ನಿವೃತ್ತ ಗುರುಗಳು ವಾರಕ್ಕೊಮ್ಮೆ ಅಲ್ಲಿ ಕೂತು ಈ ಮಕ್ಕಳಿಗೆ ಮಾರ್ಗದರ್ಶನ ಮಾಡುವುದು. ಮೂರು, ನೌಕರಿ ಸಿಗುವವರೆಗೆ ಈ ಪದವೀಧರರು ನಮ್ಮ ಕನ್ನಡ ಸಾಲಿಯ ಹಿಂದುಳಿದ ಮಕ್ಕಳಿಗೆ ಸಂಜೆ ಒಂದು ತಾಸು ಕಲಿಸುವುದು, ಅದಕ್ಕೆ ಸಂಘ ಗೌರವಧನ ಕೊಡುವುದು. ಪುಕ್ಕಟೆ ದುಡಿಸಿಕೊಳ್ಳುವುದು ಸತ್ಕಾರವಲ್ಲ. ಕಾಯ್ದೆ ಎಷ್ಟಕ್ಕೆ ಅವಕಾಶ ಕೊಡುತ್ತದೋ ಅಷ್ಟರೊಳಗೆ, ಸದಸ್ಯರ ಒಪ್ಪಿಗೆಯಿಂದಲೇ ಇದು ಆಗಬೇಕು. ನೀವು ಕೈ ಎತ್ತಿದರೆ ಆಗುತ್ತದೆ.

ತರುಣ ಮಿತ್ರರೆ, ನಿಮಗೂ ಒಂದು ಮಾತು. ನೌಕರಿ ಸಿಕ್ಕಿ ದೂರದ ಊರಿಗೆ ಹೋದಾಗ, ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಮಗುವನ್ನು ಮೊದಲು ನೋಡಿರಿ. ಜಾಣ ಮಗು ಹೇಗಾದರೂ ಕಲಿಯುತ್ತದೆ. ಆ ಮಗುವಿಗೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಇನ್ನೂ ಕಾಯುತ್ತಿರುವವರು ತಲೆ ತಗ್ಗಿಸಬೇಡಿರಿ. ನೀವು ಗಳಿಸಿದ ವಿದ್ಯೆ ನೌಕರಿಯ ಆರ್ಡರಿನಿಂದ ಹುಟ್ಟಿದ್ದಲ್ಲ, ಆರ್ಡರು ತಡವಾದರೆ ಕರಗುವುದೂ ಇಲ್ಲ. ತಾಯಿ-ತಂದೆಯರೆ, ಮಗಳಿಗೆ ನೌಕರಿ ಬರಲಿಲ್ಲವೆಂದು ಓದಿಸಿದ್ದು ವ್ಯರ್ಥವಾಯಿತೆನ್ನಬೇಡಿರಿ. ಓದಿದ ತಾಯಿಯ ಮನೆಯೇ ಒಂದು ಸಾಲಿ.

ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು ಎಂಬುದು ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಮಾಸ್ತರರು ಈ ಊರಿಗೆ ಕೊಟ್ಟ ಸಾಲ ಮಾತ್ರ ಯಾವ ಖಾತೆಯಲ್ಲಿಯೂ ಬರೆದಿಲ್ಲ. ಅದರ ಮೊದಲ ಕಂತನ್ನು ಇಂದು ಕಟ್ಟುತ್ತಿದ್ದೇವೆ. ಉಳಿದ ಕಂತುಗಳನ್ನು ಎಲ್ಲರೂ ಕೂಡಿ, ಮುದ್ದತು ಮೀರದಂತೆ ಕಟ್ಟೋಣ.