ಮನೆ-ಮಠಗಳಲ್ಲಿ ವಿದ್ಯುತ್ ಮಿತವ್ಯಯ

(ಶಾಖಾಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ, ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ಆಯುಷ್ಯ ಕಳೆದ ಡಿಪ್ಲೊಮಾ ಇಂಜಿನಿಯರ್. ನನಗೆ ತಿಳಿದ ವಿಷಯವನ್ನಷ್ಟೇ ನಿವೇದಿಸುತ್ತೇನೆ.

2005ರ ಆಸುಪಾಸಿನ ಲೋಡ್‌ಶೆಡ್ಡಿಂಗ್ ದಿನಗಳನ್ನು ಡೊಂಬಿವಲಿ, ಕಲ್ಯಾಣದ ಹಿರಿಯರು ಮರೆತಿರಲಾರರು. ಗಂಟೆಗಟ್ಟಲೆ ಕತ್ತಲೆ, ಮೈಯೆಲ್ಲ ಬೆವರು, ಮಕ್ಕಳಿಗೆ ಪರೀಕ್ಷೆ. ಅಂದು ಒಂದೊಂದು ಯೂನಿಟ್ಟಿನ ಬೆಲೆಯೂ ನಮಗೆ ತಿಳಿದಿತ್ತು.

ನಮ್ಮ ಲೋಕಲ್ ರೈಲನ್ನೇ ನೋಡಿರಿ. 1925ರ ಫೆಬ್ರವರಿ 3ರಂದು ಮುಂಬೈಯಿಂದ ಕುರ್ಲಾಕ್ಕೆ ಹೊರಟ ಮೊದಲ ವಿದ್ಯುತ್ ರೈಲು 1,500 ವೋಲ್ಟ್ ಡಿ.ಸಿ.ಯಲ್ಲಿ ಓಡಿತು. 2016ರ ಹೊತ್ತಿಗೆ ಉಪನಗರ ಮಾರ್ಗಗಳೆಲ್ಲ 25,000 ವೋಲ್ಟ್ ಎ.ಸಿ.ಗೆ ಬದಲಾದವು. ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಬೇಕಾಗುವ ಕರೆಂಟು ಕಡಿಮೆ. ಕರೆಂಟು ಅರ್ಧವಾದರೆ ತಂತಿಯ ಬಿಸಿಯಲ್ಲಿ ಪೋಲಾಗುವುದು ಕಾಲುಭಾಗಕ್ಕಿಳಿಯುತ್ತದೆ. ಪ್ರಯಾಣ ನಿಲ್ಲಲಿಲ್ಲ, ನಷ್ಟ ತಗ್ಗಿತು. ಮಿತವ್ಯಯವೆಂದರೆ ಇದೇ.

ಮನೆ, ಮಠಗಳಿಗೂ ಇದು ಅನ್ವಯಿಸುತ್ತದೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬೇಡುತ್ತದೆ; ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು, ಗಾಳಿ ಅಷ್ಟೇ. ಸಭಾಂಗಣದಲ್ಲಿ 40 ಫ್ಯಾನುಗಳು ಆರು ಗಂಟೆ ತಿರುಗಿದರೆ 18 ಯೂನಿಟ್ಟಿನ ಬದಲು ಏಳು ಯೂನಿಟ್ಟಿನಲ್ಲಿ ಕಾರ್ಯ ಮುಗಿಯುತ್ತದೆ. ಹಳೆಯ ದಪ್ಪ ಡಬ್ಬಿಯ ರೆಗ್ಯುಲೇಟರ್ ಇದ್ದಲ್ಲಿ ಫ್ಯಾನನ್ನು ನಿಧಾನಗೊಳಿಸಿದರೂ ಉಳಿತಾಯ ಅಲ್ಪ. ಉಳಿಸಿದ್ದರಲ್ಲಿ ಬಹುಪಾಲು ಆ ಡಬ್ಬಿಯನ್ನೇ ಬಿಸಿ ಮಾಡುತ್ತದೆ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಯ ಟಾಕಿ ಪ್ರತಿದಿನ ಅರ್ಧ ಗಂಟೆ ತುಂಬಿ ಹರಿಯುತ್ತಿತ್ತು. ಬಿಲ್ಲು ಎಲ್ಲರದು ತಾನೆ ಎಂದು ನಾನು ಸುಮ್ಮನಿದ್ದೆ. ಒಂದು ಬೆಳಗ್ಗೆ ನಮ್ಮ ಮನೆಯವರು, "ರೈಲಿನ ಕರೆಂಟಿಗೆ ಲೆಕ್ಕ ಇಟ್ಟವರು ನೀವು, ತಲೆಯ ಮೇಲಿನ ನೀರಿಗೆ ಲೆಕ್ಕವಿಲ್ಲವೆ?" ಎಂದರು. ನಾಚಿಕೆಯಾಯಿತು. ಲೆಕ್ಕ ಹಾಕಿದೆ: ಐದು ಅಶ್ವಶಕ್ತಿಯ ಪಂಪು ಅರ್ಧ ಗಂಟೆಗೆ ಎರಡು ಯೂನಿಟ್ಟಿಗೂ ಹೆಚ್ಚು, ವರ್ಷಕ್ಕೆ ಸುಮಾರು 800 ಯೂನಿಟ್. ಒಂದು ಫ್ಲೋಟ್ ಸ್ವಿಚ್ಚು ಅದನ್ನು ನಿಲ್ಲಿಸಿತು.

ಎಲ್ಲರದೆಂಬುದು ಯಾರದೂ ಅಲ್ಲವೆಂದಾಗಬಾರದು. ಮಠದ ಬಿಲ್ಲನ್ನು ತೆರುವುದು ಭಕ್ತರ ಕಾಣಿಕೆಯೇ. ಪ್ರತಿ ತಿಂಗಳೂ ಮೀಟರ್ ಬರೆದಿಡೋಣ. ಫ್ಯಾನು ಕೆಟ್ಟಾಗ ಹೊಸ ಬಗೆಯದನ್ನೇ ಕೊಳ್ಳೋಣ. ತೀರ್ಥಪ್ರಸಾದವಾದ ಬಳಿಕ ಕೊನೆಗೆ ಹೊರಡುವವರು ಸ್ವಿಚ್ಚುಗಳನ್ನು ಆರಿಸೋಣ. ದೇವರ ಮುಂದಿನ ನಂದಾದೀಪವೊಂದು ಉರಿಯುತ್ತಿರಲಿ. ಬರಿದಾದ ಸಭಾಂಗಣದ ಫ್ಯಾನುಗಳು ನಿಲ್ಲಲಿ.

ಶ್ರೀಕೃಷ್ಣಾರ್ಪಣಮಸ್ತು.