ರೋಗಿಯ ಸಾಂತ್ವನ ಮತ್ತು ದಾದಿಯ ಸೇವೆ

(ಮಹಿಳಾ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ರೋಗಿಗಳನ್ನು ಸಂದರ್ಶಿಸುವುದರಲ್ಲಿ ನಮ್ಮ ಸಮುದಾಯವು ಹಿಂದೆ ಬಿದ್ದಿಲ್ಲ. ಒಬ್ಬರು ಆಸ್ಪತ್ರೆಗೆ ದಾಖಲಾದರೆಂದು ತಿಳಿದರೆ ಸಂಜೆಯೊಳಗೆ ಬಂಧುಗಳು, ನೆರೆಯವರು, ಮಸೀದಿಯ ಒಡನಾಡಿಗಳು ಎಲ್ಲರೂ ಅಲ್ಲಿ ಸೇರುತ್ತಾರೆ. ಕಿತ್ತಳೆ, ಸೇಬು, ಬ್ರೆಡ್ಡಿನ ಪೊಟ್ಟಣಗಳು ಮಂಚದ ಪಕ್ಕದ ಕಪಾಟಿನಲ್ಲಿ ಹಿಡಿಸುವುದಿಲ್ಲ. ರೋಗಿಯ ಸಂದರ್ಶನವು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕನು ಕಾಯಿಲೆ ಬಿದ್ದಾಗ ಅವನ ತಲೆಯ ಬಳಿ ಹೋಗಿ ಕುಳಿತ ಮಾದರಿಯೂ ಅವರದೇ ಆಗಿದೆ. ಆದರೆ ಸಂದರ್ಶನದ ವೇಳೆ ಮುಗಿದೊಡನೆ ನಾವು ಮನೆಗೆ ಮರಳುತ್ತೇವೆ. ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಹೋಗುತ್ತಾರೆ. ಉಳಿದ ಹೊತ್ತಿನಲ್ಲಿ, ಮುಖ್ಯವಾಗಿ ನೋವು ಹೆಚ್ಚಾಗುವ, ನಿದ್ದೆ ಬಾರದ, ಸಾವಿನ ಭಯವು ಎದೆಗೆ ಹತ್ತುವ ರಾತ್ರಿಯಲ್ಲಿ ಆ ರೋಗಿಯ ಬಳಿ ಇರುವವರು ಯಾರು? ನಾವು ‘ಸಿಸ್ಟರ್’ ಎಂದು ಕರೆಯುವ, ಹೆಸರನ್ನು ಕೇಳುವ ಗೊಡವೆಗೂ ಹೋಗದ ದಾದಿ. ಇಂದು ನಾನು ಅವರ ಕುರಿತು ಮಾತನಾಡಬಯಸುತ್ತೇನೆ.

ಇಂಜೆಕ್ಷನ್ ಚುಚ್ಚುವುದು, ಮಾತ್ರೆ ಕೊಡುವುದು, ಜ್ವರ ನೋಡುವುದು ಇಷ್ಟೇ ದಾದಿಯ ಕೆಲಸವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ರೋಗಿಗೆ ನೆಮ್ಮದಿ ಕೊಡುವುದು ಒಂದು ಶಾಸ್ತ್ರವಾಗಿದೆ; ಅದನ್ನು ವರ್ಷಗಟ್ಟಲೆ ಕಲಿಯಬೇಕಾಗುತ್ತದೆ. ಅಲುಗಾಡಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಸೊಂಟ, ಹಿಮ್ಮಡಿ, ಭುಜದ ಮೂಳೆಗಳ ಮೇಲಿನ ಚರ್ಮಕ್ಕೆ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಉಸಿರಾಟಕ್ಕೆ ತೊಂದರೆಯಿದ್ದವನ ತಲೆಯ ಭಾಗವನ್ನು ಎತ್ತರಿಸುವುದು, ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹೇಳಿಸಿ ಬರೆದಿಡುವುದು, ಮೈ ಒರೆಸುವಾಗ ಪರದೆ ಎಳೆದು ಮಾನ ಕಾಯುವುದು. ಇವೆಲ್ಲ ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾದ ಅರುಣಾ ಶಾನಭಾಗ್ ಅವರ ವಿಷಯ ತಮಗೆ ನೆನಪಿರಬಹುದು. 1973ರಲ್ಲಿ ತಾವು ದುಡಿಯುತ್ತಿದ್ದ ಕೆಇಎಂ ಆಸ್ಪತ್ರೆಯಲ್ಲೇ ಕ್ರೂರ ದಾಳಿಗೊಳಗಾಗಿ ಎಚ್ಚರವಿಲ್ಲದಂತಾದ ಅವರು 2015ರಲ್ಲಿ ನಿಧನರಾಗುವವರೆಗೆ, ಅಂದರೆ ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರ ಆರೈಕೆಯಲ್ಲಿದ್ದರು. ಇಷ್ಟು ಕಾಲ ಮಲಗಿದ್ದರೂ ಅವರಿಗೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲವೆಂದು ಆಸ್ಪತ್ರೆಯು ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. 2011ರ ತೀರ್ಪಿನಲ್ಲಿ ನ್ಯಾಯಾಲಯವು ಆ ದಾದಿಯರ ಸೇವೆಯನ್ನು ಮನಸಾರೆ ಪ್ರಶಂಸಿಸಿತು. ಒಂದು ತಲೆಮಾರಿನ ದಾದಿಯರು ನಿವೃತ್ತರಾಗಿ ಹೋದರು, ಮುಂದಿನವರು ಬಂದರು. ಮಗ್ಗುಲು ಬದಲಿಸುವ ಕೈಗಳು ಮಾತ್ರ ನಿಲ್ಲಲಿಲ್ಲ. ಆಕೆ ಅವರ ಬಂಧುವೂ ಅಲ್ಲ, ಅವರಲ್ಲಿ ಬಹಳ ಮಂದಿಯ ಭಾಷೆಯವಳೂ ಅಲ್ಲ ಎಂಬುದನ್ನು ಗಮನಿಸಬೇಕು.

ದೇಹದ ನೋವಿಗಿಂತಲೂ ಆಳವಾದ ಇನ್ನೊಂದು ನೋವಿದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಸ್ಥಾಪಿಸಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ ತರಬೇತಿ ಪಡೆದು, ಬಳಿಕ ವೈದ್ಯೆಯಾದವರು. ಕ್ಯಾನ್ಸರ್ ರೋಗಿಯ ನೋವು ಕೇವಲ ಶರೀರದ್ದಲ್ಲ. ಅದರೊಳಗೆ ಮನಸ್ಸಿನ ಕಳವಳ, ಮನೆಯ ಚಿಂತೆ, ಆತ್ಮದ ತಳಮಳ ಎಲ್ಲವೂ ಕೂಡಿರುತ್ತವೆ ಎಂಬುದನ್ನು ಅವರು ಜಗತ್ತಿಗೆ ಮನಗಾಣಿಸಿದರು. ಮಗಳ ಮದುವೆ ನಿಶ್ಚಯವಾಗಿದೆ, ಸಾಲ ತೀರಿಲ್ಲ, ಅಂಗಡಿ ಮುಚ್ಚಿದೆ. ಇದನ್ನೆಲ್ಲ ರೋಗಿಯು ವೈದ್ಯರಿಗೆ ಹೇಳುವುದಿಲ್ಲ. ನಡುರಾತ್ರಿ ಗ್ಲೂಕೋಸ್ ಬಾಟಲಿ ಬದಲಿಸಲು ಬಂದ ದಾದಿಗೆ ಹೇಳುತ್ತಾನೆ.

ನಮ್ಮ ರೋಗಿಗಳ ತಳಮಳದಲ್ಲಿ ಒಂದು ವಿಶೇಷ ಸಂಗತಿಯಿದೆ. ಅದು ನಮಾಝಿನದು. ಮೂತ್ರಕ್ಕೆ ನಳಿಕೆ ಹಾಕಲಾಗಿದೆ, ಗಾಯದಿಂದ ರಕ್ತ ಒಸರುತ್ತಿದೆ, ನೀರು ಮುಟ್ಟಬಾರದೆಂದು ವೈದ್ಯರು ಹೇಳಿದ್ದಾರೆ. ಐವತ್ತು ವರ್ಷ ನಮಾಝ್ ಬಿಡದ ವೃದ್ಧರು ‘ನಾನು ಅಶುದ್ಧನಾಗಿದ್ದೇನೆ’ ಎಂದು ಭಾವಿಸಿ, ಬಾಂಗ್ ಕೇಳಿದಾಗಲೆಲ್ಲ ಗೋಡೆಯ ಕಡೆಗೆ ಮುಖ ತಿರುಗಿಸಿ ಅಳುತ್ತಾರೆ. ಅವರ ರಕ್ತದೊತ್ತಡ ಏಕೆ ಇಳಿಯುತ್ತಿಲ್ಲವೆಂದು ವೈದ್ಯರಿಗೆ ಅರ್ಥವಾಗುವುದಿಲ್ಲ. ಆದರೆ ಶರೀಅತ್ ಇಲ್ಲಿ ಎಷ್ಟೊಂದು ಸರಳವಾಗಿದೆ! ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ಪ್ರವಾದಿವರ್ಯರು(ಸ) ಹೇಳಿಕೊಟ್ಟದ್ದು ಬುಖಾರಿಯಲ್ಲಿದೆ. ನೀರು ಹಾನಿಕರವಾದರೆ ತಯಮ್ಮುಮ್ ಇದೆ. ನಳಿಕೆ ಹಾಕಿಸಿಕೊಂಡವರು ವಿನಾಯಿತಿಯುಳ್ಳವರ ಪಟ್ಟಿಗೆ ಸೇರುತ್ತಾರೆ; ಪ್ರತಿ ನಮಾಝಿನ ವೇಳೆಗೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದೆಂದು ವಿದ್ವಾಂಸರು ವಿವರಿಸಿದ್ದಾರೆ. ಮಂಚದ ಮೇಲಿರುವವರಿಗೆ ಇದನ್ನು ಹೇಳುವವರು ಬೇಕು. ಕಿಬ್ಲಾದ ದಿಕ್ಕು ತೋರಿಸುವ, ಒರಗು ದಿಂಬನ್ನು ಸರಿಪಡಿಸಿಕೊಡುವ ಒಂದು ಕೈ ಬೇಕು. ಕೇರಳದ ಕ್ರೈಸ್ತ ದಾದಿಗೆ ಇದು ತಿಳಿದಿರಬೇಕೆಂದು ನಾವು ಬಯಸುವುದು ನ್ಯಾಯವಲ್ಲ. ಆದರೂ ಮನೆಯವರು ಒಮ್ಮೆ ತಿಳಿಸಿದರೆ ಮರುದಿನದಿಂದ ತಾವಾಗಿಯೇ ತಯಮ್ಮುಮ್‌ನ ಮಣ್ಣಿನ ತಟ್ಟೆಯನ್ನು ಕೈಗೆಟಕುವಂತೆ ಇಟ್ಟುಹೋಗುವ ದಾದಿಯರಿದ್ದಾರೆ. ಹಾಗೆಯೇ ಮಧುಮೇಹ ಮಿತಿಮೀರಿದವರು ರಮಝಾನಿನಲ್ಲಿ ಉಪವಾಸಕ್ಕೆ ಹಟ ಹಿಡಿದಾಗ, ರೋಗಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನು ನೆನಪಿಸಬೇಕಾದವರು ನಾವೇ ಹೊರತು ದಾದಿಯಲ್ಲ.

ಇನ್ನು ನಮ್ಮ ಸಂದರ್ಶನದ ರೀತಿಯ ಬಗ್ಗೆ ಒಂದು ಕಹಿ ಮಾತು. ಹದಿನೈದು ಮಂದಿ ಒಟ್ಟಿಗೆ ಮಂಚವನ್ನು ಸುತ್ತುವರಿಯುವುದು, ಇದೇ ಕಾಯಿಲೆಯಿಂದ ಯಾರು ಯಾರು ತೀರಿಕೊಂಡರೆಂಬ ಕಥೆ ಹೇಳುವುದು, ಹೊರಗೆ ಹೋಗಲು ಹೇಳಿದ ದಾದಿಯ ಮೇಲೆ ಹರಿಹಾಯುವುದು. ಇದು ಸುನ್ನತ್ ಅಲ್ಲ. ರೋಗಿಯಲ್ಲಿ ಭರವಸೆ ಹುಟ್ಟುವಂತೆ ಮಾತನಾಡಿ, ಪ್ರಾರ್ಥಿಸಿ, ಬೇಗನೆ ಏಳುವುದೇ ಸಂದರ್ಶನದ ಶಿಷ್ಟಾಚಾರವಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಹೆಂಗಸರನ್ನು ಹೆಂಗಸರೇ ನೋಡಿಕೊಳ್ಳಬೇಕೆಂದು ನಾವು ಆಸ್ಪತ್ರೆಯಲ್ಲಿ ಪಟ್ಟು ಹಿಡಿಯುತ್ತೇವೆ. ಅದು ಸರಿಯಾದ ಬೇಡಿಕೆಯೇ. ಆದರೆ ಮಗಳು ನರ್ಸಿಂಗ್ ಕಲಿಯುತ್ತೇನೆಂದರೆ? ‘ರಾತ್ರಿ ಪಾಳಿ ಇದೆ, ಪರಪುರುಷರ ಸೇವೆ ಮಾಡಬೇಕು, ಗಂಡು ಸಿಗುವುದಿಲ್ಲ’ ಎಂದು ಬಾಯಿ ಮುಚ್ಚಿಸುತ್ತೇವೆ. ಎಲ್ಲರ ಹೆಣ್ಣುಮಕ್ಕಳೂ ನಮ್ಮ ಸೇವೆಗೆ ಬರಬೇಕು, ನಮ್ಮ ಹೆಣ್ಣುಮಕ್ಕಳು ಮಾತ್ರ ಯಾರ ಸೇವೆಗೂ ಹೋಗಬಾರದು! ಇದಾವ ನ್ಯಾಯ?

ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಬಾಣ ತಗಲಿ ಗಾಯಗೊಂಡಾಗ ಅವರನ್ನು ರುಫೈದಾ(ರ) ಎಂಬ ಮಹಿಳೆಯ ಡೇರೆಗೆ ಒಯ್ಯಲು ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಆ ಡೇರೆ ಇದ್ದುದು ಬೇರೆಲ್ಲೂ ಅಲ್ಲ, ಪ್ರವಾದಿಯವರ ಮಸೀದಿಯ ಆವರಣದಲ್ಲಿ. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ನೀರುಣಿಸಿ ಶುಶ್ರೂಷೆ ಮಾಡುತ್ತಿದ್ದುದನ್ನು ರುಬಯ್ಯಿಅ್ ಬಿನ್ತ್ ಮುಅವ್ವಿದ್(ರ) ಸ್ವತಃ ಹೇಳಿದ್ದಾರೆ. ಉಮ್ಮು ಅತಿಯ್ಯಾ(ರ) ಪ್ರವಾದಿಯವರೊಂದಿಗೆ ಏಳು ದಂಡಯಾತ್ರೆಗಳಲ್ಲಿ ಪಾಲ್ಗೊಂಡು ರೋಗಿಗಳ ಆರೈಕೆ ಮಾಡಿದರು. ಮದೀನಾದಲ್ಲಿ ಗೌರವದ್ದಾಗಿದ್ದ ಕೆಲಸವು ನಮ್ಮ ಊರಿಗೆ ಬರುವಾಗ ಅಗೌರವದ್ದಾದುದು ಹೇಗೆಂದು ಆಲೋಚಿಸಬೇಕು.

ವಸ್ತ್ರಧಾರಣೆಯ ಪ್ರಶ್ನೆಯನ್ನೂ ಮರೆಮಾಚಬೇಕಾಗಿಲ್ಲ. ರೋಗಿಯನ್ನು ಮುಟ್ಟುವಾಗ ಮೊಣಕೈವರೆಗೆ ತೋಳು ಬರಿದಾಗಿರಬೇಕೆಂಬ ನಿಯಮವು ಅನೇಕ ಕಡೆ ಇದೆ. ಅದು ಸೋಂಕು ತಡೆಯಲಿಕ್ಕೆ ಮಾಡಿದ್ದೇ ಹೊರತು ನಮ್ಮ ವಿರುದ್ಧ ಮಾಡಿದ್ದಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆಯು 2010ರಲ್ಲಿ, ಬಳಸಿ ಎಸೆಯುವ ಪ್ಲಾಸ್ಟಿಕ್ ತೋಳುಗಳನ್ನು ಧರಿಸಲು ಅವಕಾಶ ಕೊಟ್ಟು ಇದಕ್ಕೊಂದು ದಾರಿ ಕಂಡುಕೊಂಡಿತು. ವಿರೋಧ ಮತ್ತು ನಿಯಮ ಎರಡನ್ನೂ ಒಂದೇ ಎಂದು ಭಾವಿಸದೆ ಕುಳಿತು ಮಾತನಾಡಿದರೆ ಇಲ್ಲಿಯೂ ದಾರಿ ಸಿಗದಿರದು.

ನಮ್ಮ ನೆರೆಯ ಮಲಪ್ಪುರಂ ಜಿಲ್ಲೆಯನ್ನು ನೋಡಿ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಪ್ಯಾಲಿಯೇಟಿವ್ ಕೇರ್ ಕೆಲಸವು ಅಲ್ಲಿ ಜನರ ಚಳವಳಿಯಾಗಿ ಬೆಳೆಯಿತು. ಮಾರುಕಟ್ಟೆಯ ವ್ಯಾಪಾರಿ, ಶಾಲೆಯ ಮಾಸ್ತರು, ಗೃಹಿಣಿಯರು ತರಬೇತಿ ಪಡೆದು ದಾದಿಯೊಡನೆ ಜೀಪಿನಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. ದಾದಿ ಹುಣ್ಣು ತೊಳೆದು ನಳಿಕೆ ಬದಲಿಸುತ್ತಾಳೆ, ಆರೈಕೆಯ ಕ್ರಮವನ್ನು ಮನೆಯ ಸೊಸೆಗೆ ಕಲಿಸಿಕೊಡುತ್ತಾಳೆ. ಸ್ವಯಂಸೇವಕರು ಮನೆಗೆ ಅಕ್ಕಿ ಉಂಟೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ನೋಡುತ್ತಾರೆ. ಇದನ್ನು ಕಂಡು ಕೇರಳ ಸರಕಾರವು 2008ರಲ್ಲಿ ಪ್ಯಾಲಿಯೇಟಿವ್ ಕೇರ್ ನೀತಿಯನ್ನೇ ಪ್ರಕಟಿಸಿತು. ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯೆಂದರೆ ನಮ್ಮ ಮನೆಗಳಲ್ಲಿ ಈಗಲೂ ಅಂಜುತ್ತಾರೆ. ಅಮಲು ಬೇರೆ, ವೈದ್ಯರು ಅಳೆದು ಕೊಡುವ ನೋವಿನ ಔಷಧ ಬೇರೆ. ವೈದ್ಯಕೀಯ ಬಳಕೆಗೆ ಅದು ಸುಲಭವಾಗಿ ದೊರೆಯಲೆಂದೇ ಸಂಸತ್ತು 2014ರಲ್ಲಿ ಮಾದಕದ್ರವ್ಯ ಕಾಯ್ದೆಯನ್ನು ತಿದ್ದುಪಡಿ ಮಾಡಿತು. ನಮ್ಮ ರಾಜ್ಯದಲ್ಲೂ ಬೆಂಗಳೂರಿನ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಜಾತಿ ಧರ್ಮ ಕೇಳದೆ ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ.

ದಾದಿಯಿಂದ ಮಾತ್ರ ನಗುಮುಖ ನಿರೀಕ್ಷಿಸಿ, ಆಕೆಯನ್ನು ದುಡಿಸುವವರನ್ನು ಪ್ರಶ್ನಿಸದಿರುವುದು ಸರಿಯಲ್ಲ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಮಾನದಂಡವಾಗಿತ್ತು. ರಾತ್ರಿ ಹೊತ್ತು ನಮ್ಮ ಪಟ್ಟಣಗಳ ಆಸ್ಪತ್ರೆಗಳಿಗೆ ಹೋಗಿ ಎಣಿಸಿ ನೋಡಿ. ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರವು ನೇಮಿಸಿದ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಕೊಡಕೂಡದೆಂದು ಶಿಫಾರಸು ಮಾಡಿತು. ನಮ್ಮ ಸಮುದಾಯದವರು ನಡೆಸುವ ಆಸ್ಪತ್ರೆಗಳೂ ಇವೆ. ಅವುಗಳ ಆಡಳಿತ ಮಂಡಳಿಯವರು ಈ ಸಭೆಯಲ್ಲಿದ್ದರೆ, ತಮ್ಮ ಸಂಬಳದ ಪುಸ್ತಕವನ್ನು ಇಂದು ಮನೆಗೆ ಹೋದ ಬಳಿಕ ಒಮ್ಮೆ ತೆರೆದು ನೋಡಬೇಕೆಂದು ವಿನಂತಿಸುತ್ತೇನೆ.

ಕೊನೆಯದಾಗಿ ಜಮಾಅತ್ ಕಮಿಟಿಗಳ ಮುಂದೆ ಒಂದು ಸಲಹೆ ಇಡುತ್ತೇನೆ. ಒಂದು ಮೊಹಲ್ಲಾಕ್ಕೆ ತರಬೇತಿ ಪಡೆದ ಒಬ್ಬ ದಾದಿ, ಒಂದು ಆಟೋರಿಕ್ಷಾ, ವಾರದಲ್ಲಿ ಎರಡು ದಿನ. ಮೊದಲು ಹಾಸಿಗೆ ಹಿಡಿದವರು ಯಾವ ಯಾವ ಮನೆಯಲ್ಲಿದ್ದಾರೆಂದು ಪಟ್ಟಿ ಮಾಡಿ. ನೆರೆಯ ಹಿಂದೂ, ಕ್ರೈಸ್ತ ಮನೆಗಳನ್ನೂ ಅದರಲ್ಲಿ ಸೇರಿಸಿ. ನರ್ಸಿಂಗ್ ಸೇರಲು ಬಯಸುವ ಎರಡು ಹೆಣ್ಣುಮಕ್ಕಳ ಶುಲ್ಕವನ್ನು ಜಮಾಅತ್ ವಹಿಸಿಕೊಳ್ಳಲಿ. ಪಟ್ಟಿ ಬರೆದುಕೊಳ್ಳಲು ಸಿದ್ಧರಿರುವ ಸಹೋದರಿಯರು ಸಭೆಯ ನಂತರ ವೇದಿಕೆಯ ಬಲಬದಿಯಲ್ಲಿ ಹೆಸರು ಕೊಡಬಹುದು.